ಸಾಕ್ರಟೀಸ್ ಏಕೆ ಓಡಿಹೋಗಲಿಲ್ಲ?

ಶಿವಾಜಿನಗರದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯುತ್ತಿದ್ದಾಗ, ಸಮಾಜ ವಿಜ್ಞಾನದ ಶಿಕ್ಷಕಿ ರಜೆಯಲ್ಲಿದ್ದ ಒಂದು ದಿನ ಎಂಟನೆಯ ತರಗತಿಯ ಅವಧಿ ನನ್ನ ಪಾಲಿಗೆ ಬಂತು. ನನ್ನ ವಿಷಯ ವಿಜ್ಞಾನ. ಅಂದಿನ ಪಾಠ ಗ್ರೀಕರದು. ಪೀಠಿಕೆಗೆ ನಮ್ಮ ಕಂಟೋನ್ಮೆಂಟನ್ನೇ ಬಳಸಿಕೊಂಡೆ. 1896ರಲ್ಲಿ ಸೈನ್ಯದ ಜೊತೆ ಇಲ್ಲಿಗೆ ಬಂದ ಯುವಕ ಚರ್ಚಿಲ್ ಬಿಡುವಿನಲ್ಲಿ ಪ್ಲೇಟೋನನ್ನು ಓದಿದ್ದ. ಆ ಪ್ಲೇಟೋನ ಗುರು ಸಾಕ್ರಟೀಸ್. ಮುಂದಿನದೆಲ್ಲ ಸಾಕ್ರಟೀಸನ ಕಥೆಯೇ ಆಯಿತು.

ಅವನು ಕ್ರಿ.ಪೂ. 470ರ ಸುಮಾರಿಗೆ ಅಥೆನ್ಸಿನಲ್ಲಿ ಹುಟ್ಟಿದ. ತಂದೆ ಕಲ್ಲುಕುಟಿಗ, ತಾಯಿ ಸೂಲಗಿತ್ತಿ. ಏನನ್ನೂ ಬರೆದಿಡಲಿಲ್ಲ. ಪೇಟೆಯಲ್ಲಿ ನಿಂತು ಜನರಿಗೆ ಪ್ರಶ್ನೆ ಹಾಕುವುದೇ ಅವನ ಕೆಲಸ, ಅದಕ್ಕೆ ಶುಲ್ಕವನ್ನೂ ಪಡೆಯಲಿಲ್ಲ. ಊರು ಬಿಟ್ಟು ಹೋದದ್ದೇ ಅಪರೂಪ. ಹೋದದ್ದು ಹೆಚ್ಚಾಗಿ ಯುದ್ಧಕ್ಕೆ, ಕಾಲಾಳಾಗಿ. ಪೊಟಿಡಿಯದ ಹಿಮದ ಮೇಲೆ ಬರಿಗಾಲಲ್ಲಿ ನಡೆದ. ಕ್ರಿ.ಪೂ. 424ರಲ್ಲಿ ಡೀಲಿಯಂನಲ್ಲಿ ಸೋತ ಸೈನ್ಯ ಚೆಲ್ಲಾಪಿಲ್ಲಿಯಾಗಿ ಓಡುವಾಗ ಇವನು ಎದೆಗುಂದದೆ ಹೆಜ್ಜೆಯಿಟ್ಟು ಹಿಂದಿರುಗಿದ.

ಇಲ್ಲಿಯವರೆಗೆ ಮಕ್ಕಳಿಗೆ ಸಂದೇಹವಿರಲಿಲ್ಲ. ತೊಡಕು ಮುಂದಿದೆ. ಕ್ರಿ.ಪೂ. 406ರಲ್ಲಿ ಅಥೆನ್ಸಿನ ನೌಕಾಪಡೆ ಗೆದ್ದಿತು, ಆದರೆ ಬಿರುಗಾಳಿಯಿಂದಾಗಿ ಮುಳುಗುತ್ತಿದ್ದವರನ್ನು ಉಳಿಸಲಾಗಲಿಲ್ಲ. ಕೆರಳಿದ ಜನ ಸೇನಾನಿಗಳೆಲ್ಲರನ್ನೂ ಒಟ್ಟಿಗೆ ಒಂದೇ ಮತದಿಂದ ಶಿಕ್ಷಿಸಬೇಕೆಂದರು. ಅದು ಕಾನೂನಿಗೆ ವಿರುದ್ಧ. ಸಭೆ ನಡೆಸುವ ಸರದಿ ಸಮಿತಿಯಲ್ಲಿದ್ದ ಸಾಕ್ರಟೀಸ್ ಕೊನೆಯವರೆಗೂ ಒಪ್ಪಲಿಲ್ಲ. ಎರಡು ವರ್ಷದ ಬಳಿಕ ಮೂವತ್ತು ಮಂದಿ ನಿರಂಕುಶರು ಅಧಿಕಾರ ಹಿಡಿದರು. ಸಲಾಮಿಸಿನ ಲಿಯಾನನನ್ನು ಕೊಲ್ಲಲು ಹಿಡಿದು ತನ್ನಿರೆಂದು ಇವನನ್ನೂ ಸೇರಿಸಿ ಐವರಿಗೆ ಅಪ್ಪಣೆಯಾಯಿತು. ನಾಲ್ವರು ಹೋದರು. ಇವನು ನೆಟ್ಟಗೆ ಮನೆಗೆ ಹೋದ.

ಕ್ರಿ.ಪೂ. 399ರಲ್ಲಿ, ಪ್ರಜಾಪ್ರಭುತ್ವ ಮರಳಿದ ಮೇಲೆ, ಅದೇ ಊರು ಅವನನ್ನು ಕಟಕಟೆಗೆ ತಂದಿತು. ಊರ ದೇವರುಗಳನ್ನು ಒಪ್ಪುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ ಎಂಬ ಆರೋಪ. ಮೂವತ್ತು ಮತ ಆ ಕಡೆಯಿಂದ ಈ ಕಡೆಗೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿತ್ತು. ಮರಣದಂಡನೆ ತಡವಾಯಿತು: ಡೀಲಾಸಿಗೆ ಹೋದ ಪವಿತ್ರ ಹಡಗು ಮರಳುವವರೆಗೆ ಯಾರನ್ನೂ ಕೊಲ್ಲುವಂತಿರಲಿಲ್ಲ. ಆ ಬಿಡುವಿನಲ್ಲಿ ಗೆಳೆಯ ಕ್ರಿಟೋ ನಸುಕಿನಲ್ಲೇ ಸೆರೆಮನೆಗೆ ಬಂದ. ಹಣ ಸಿದ್ಧವಿತ್ತು, ಕಾವಲುಗಾರ ಪರಿಚಿತ. ಸಾಕ್ರಟೀಸ್ ಒಪ್ಪಲಿಲ್ಲ. ಎಪ್ಪತ್ತು ವರ್ಷ ಈ ಊರಿನ ಕಾನೂನಿನ ನೆರಳಲ್ಲಿ ಬದುಕಿದೆ, ಹಿಡಿಸದಿದ್ದರೆ ಊರು ಬಿಡಬಹುದಿತ್ತು, ಬಿಡಲಿಲ್ಲ; ಈಗ ತೀರ್ಪು ತನಗೆ ವಿರುದ್ಧವಾಯಿತೆಂದು ಕದ್ದು ಓಡುವುದು ಕೊಟ್ಟ ಮಾತು ಮುರಿದಂತೆ ಎಂಬುದು ಅವನ ವಾದ.

ವಿಷ ಕುಡಿದಾಗ ಕಾಲಿನಿಂದ ಮೇಲಕ್ಕೆ ಮರಗಟ್ಟುತ್ತಾ ಬಂತು. ಹೆಮ್ಲಾಕ್ ಸ್ನಾಯುಗಳನ್ನು ನಿಶ್ಚಲಗೊಳಿಸಿ ಕೊನೆಗೆ ಉಸಿರು ನಿಲ್ಲಿಸುತ್ತದೆ ಎಂದು ವಿವರಿಸುವಾಗ ಮಾತ್ರ ನನಗೆ ನನ್ನ ವಿಷಯಕ್ಕೆ ಬಂದ ಧೈರ್ಯ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. ಲಿಯಾನನ ವಿಷಯದಲ್ಲಿ ಅಪ್ಪಣೆ ಮೀರಿದವನು ಈಗೇಕೆ ಮೀರಲಿಲ್ಲ ಎಂದು ಕೇಳಿದಳು. ಅಂದು ಹೇಳಿದ್ದು ಇನ್ನೊಬ್ಬನಿಗೆ ಅನ್ಯಾಯ ಮಾಡಲು, ಇಂದು ಒದಗಿದ್ದು ತಾನೇ ಅನುಭವಿಸಬೇಕಾದ ಅನ್ಯಾಯ ಎಂದೆ. ತಲೆಯಾಡಿಸಿದಳು. ಕೂರುವ ಮೊದಲು, ಅವನಿಗೆ ಮಕ್ಕಳಿದ್ದರೇ ಎಂದಳು. ಮೂವರು, ಇಬ್ಬರು ಇನ್ನೂ ಚಿಕ್ಕವರು. ಕ್ರಿಟೋ ಕೂಡ ಅದನ್ನೇ ಕೇಳಿದ್ದ. ಗೆಳೆಯರು ನೋಡಿಕೊಳ್ಳುತ್ತಾರೆ ಎಂಬುದೇ ಸಾಕ್ರಟೀಸನ ಉತ್ತರವಾಗಿತ್ತು. ಅದನ್ನೇ ಹೇಳಿದೆ. ಅವಳಿಗೆ ಸಾಲಲಿಲ್ಲ, ನನಗೂ.