ದೇವ ಸೇವಕ ಬಾದಶಾ ಖಾನ್

ಪೇಶಾವರದ ಹತ್ತಿರದ ಉತ್ಮಾನ್‌ಝೈ ಎಂಬ ಹಳ್ಳಿಯಲ್ಲಿ 1890ರಲ್ಲಿ ಜಮೀನ್ದಾರ ಬೆಹ್ರಾಮ್ ಖಾನರ ಮನೆಯಲ್ಲಿ ಅಬ್ದುಲ್ ಗಫಾರ್ ಖಾನ್ ಜನಿಸಿದರು. ಪಠಾಣರು ಅವರನ್ನು ಪ್ರೀತಿಯಿಂದ ಬಾದಶಾ ಖಾನ್ ಎಂದು ಕರೆದರು. ನಮ್ಮ ದೇಶದಲ್ಲಿ ಅವರು ಗಡಿನಾಡ ಗಾಂಧಿ ಎಂದೇ ಪರಿಚಿತರು. ಆದರೆ ಗಾಂಧೀಜಿಯ ಪರಿಚಯವಾಗುವ ಎಷ್ಟೋ ಮೊದಲೇ, 1910ರಲ್ಲಿ, ಇಪ್ಪತ್ತರ ಹರೆಯದಲ್ಲಿ ಅವರು ತಮ್ಮ ಹಳ್ಳಿಯಲ್ಲಿ ಶಾಲೆ ತೆರೆದಿದ್ದರು ಎಂಬುದನ್ನು ನಾವು ಮರೆಯುತ್ತೇವೆ.

ಪಠಾಣರಲ್ಲಿ ಆಗ ಸೇಡಿನ ಸಂಪ್ರದಾಯ ಬಲವಾಗಿತ್ತು. ಒಂದು ಕೊಲೆಗೆ ಇನ್ನೊಂದು ಕೊಲೆ, ತಂದೆಯ ವೈರವನ್ನು ಮಗ ಮುಂದುವರಿಸಬೇಕು. ಅಕ್ಷರ ಬಲ್ಲವರು ತೀರಾ ಕಡಿಮೆ. ಬ್ರಿಟಿಷ್ ಸರಕಾರ ಆ ಶಾಲೆಯನ್ನು ಮುಚ್ಚಿಸಿದಾಗ ಅಬ್ದುಲ್ ಗಫಾರ್ ಖಾನ್ ಹಳ್ಳಿಗಳತ್ತ ಹೊರಟರು. 1915ರಿಂದ 1918ರ ಒಳಗೆ ಸುಮಾರು 500 ಹಳ್ಳಿಗಳನ್ನು ಸುತ್ತಿದರು. ಜಮೀನ್ದಾರನ ಮಗನಾಗಿದ್ದರೂ ಮಸೀದಿಯಲ್ಲಿ, ಊರ ಅತಿಥಿಗೃಹವಾದ ಹುಜ್ರಾದಲ್ಲಿ ಬಡ ರೈತರ ಜೊತೆಗೆ ಕುಳಿತು, ಅವರದೇ ಪುಷ್ತೂ ಭಾಷೆಯಲ್ಲಿ ಮಾತಾಡಿದರು. ವೇದಿಕೆ ಇಲ್ಲ, ಹಾರ ತುರಾಯಿ ಇಲ್ಲ. ನಮ್ಮ ಇಂದಿನ ಸಭೆಗಳಲ್ಲಿ ಸ್ವಾಗತ ಭಾಷಣಕ್ಕೇ ಅರ್ಧ ಗಂಟೆ ಹೋಗುವುದನ್ನು ಕಂಡಾಗ ಈ ಮಾತು ನೆನಪಾಗುತ್ತದೆ.

1921ರಲ್ಲಿ ಉತ್ಮಾನ್‌ಝೈಯಲ್ಲಿ ಮತ್ತೆ ಶಾಲೆ ಆರಂಭವಾಯಿತು. ಇದನ್ನು ಸಹಿಸದ ಅಧಿಕಾರಿಗಳು ಮುದುಕ ತಂದೆಯನ್ನು ಕರೆಸಿ, ಬೇರಾರಿಗೂ ಇಲ್ಲದ ಉಸಾಬರಿ ನಿಮ್ಮ ಮಗನಿಗೇಕೆ, ಸುಮ್ಮನಿರಲು ಬುದ್ಧಿ ಹೇಳಿ ಎಂದರು. ತಂದೆ ಮನೆಗೆ ಬಂದು ಮಗನಿಗೆ ಹಾಗೆಯೇ ಹೇಳಿದರು. ಎಲ್ಲರೂ ನಮಾಝ್ ಬಿಟ್ಟರೆ ನಾನೂ ಬಿಡಬೇಕೇ ಎಂದು ಮಗ ವಿನಯದಿಂದ ಕೇಳಿದರು. ಎಂದಿಗೂ ಇಲ್ಲ ಎಂದರು ತಂದೆ. ಜನರಿಗೆ ವಿದ್ಯೆ ಕೊಡುವುದೂ ತನಗೆ ಅಂಥದೇ ಒಂದು ಕರ್ತವ್ಯ ಎಂದು ಮಗ ತಿಳಿಸಿದಾಗ ತಂದೆ ಒಪ್ಪಿಕೊಂಡರು. ಶಾಲೆ ಮುಂದುವರಿಯಿತು. ಅದೇ ವರ್ಷ ಮಗನಿಗೆ ಮೂರು ವರ್ಷ ಕಠಿಣ ಶಿಕ್ಷೆಯಾಯಿತು.

ಸೆರೆಮನೆಯಲ್ಲಿ ಅವರು ಗೀತೆಯನ್ನೂ ಸಿಖ್ಖರ ಗ್ರಂಥವನ್ನೂ ಓದಿದರು. ಹಿಂದೂ, ಸಿಖ್ ಕೈದಿಗಳ ಜೊತೆಗಿನ ಬಾಂಧವ್ಯ ಅಲ್ಲಿ ಬೆಳೆಯಿತು. ಆದರೆ ನಮಾಝ್, ಉಪವಾಸ ಯಾವುದರಲ್ಲೂ ಅವರು ಸಡಿಲಾಗಲಿಲ್ಲ. ಇತರರ ಧರ್ಮವನ್ನು ಅರಿಯಲು ತನ್ನದನ್ನು ತೆಳುವಾಗಿಸಬೇಕಾಗಿಲ್ಲ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

1928ರಲ್ಲಿ ‘ಪಖ್ತೂನ್’ ಪತ್ರಿಕೆ ಹೊರತಂದರು. 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಅರ್ಥಾತ್ ದೇವ ಸೇವಕರ ಸಂಘಟನೆ ಹುಟ್ಟಿತು. ದೇವನಿಗೆ ಸೇವೆಯ ಅಗತ್ಯವಿಲ್ಲ, ಅವನ ಸೃಷ್ಟಿಗಳ ಸೇವೆಯೇ ಅವನ ಸೇವೆ ಎಂಬುದು ಆ ಹೆಸರಿನ ಹಿಂದಿನ ವಿಚಾರ. ಸೇರುವವರು ದೇವನ ಹೆಸರಲ್ಲಿ ಪ್ರತಿಜ್ಞೆ ಮಾಡಬೇಕಿತ್ತು: ಹಿಂಸೆ, ಸೇಡು ಬಿಡಬೇಕು, ಅನ್ಯಾಯ ಮಾಡಿದವನನ್ನು ಕ್ಷಮಿಸಬೇಕು, ದಿನಕ್ಕೆ ಎರಡು ಗಂಟೆ ಸಮಾಜದ ಕೆಲಸ ಮಾಡಬೇಕು. ಕೋವಿಯೊಂದಿಗೇ ಬೆಳೆದ ಪಠಾಣ ಇದನ್ನು ಒಪ್ಪಿದ್ದು ಹೇಗೆ? ಮಕ್ಕಾದಲ್ಲಿ ಪ್ರವಾದಿ(ಸ)ಯವರ ಕೈಯಲ್ಲಿದ್ದ ಆಯುಧ ಸಹನೆಯೇ ಎಂದು ಅವರು ನೆನಪಿಸಿದರು. ಹೊರಗಿನಿಂದ ತಂದ ಉಪದೇಶವೆಂದು ಯಾರಿಗೂ ಅನಿಸಲಿಲ್ಲ.

1930ರ ಏಪ್ರಿಲ್ 23ರಂದು, ಅವರ ಬಂಧನದ ಬಳಿಕ, ಪೇಶಾವರದ ಕಿಸ್ಸಾ ಖ್ವಾನಿ ಬಝಾರಿನಲ್ಲಿ ನಿರಾಯುಧ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಚಂದ್ರಸಿಂಗ್ ಗಢವಾಲಿಯವರ ನೇತೃತ್ವದಲ್ಲಿ ಗಢವಾಲ್ ರೈಫಲ್ಸ್‌ನ ಸೈನಿಕರು ಗುಂಡು ಹಾರಿಸಲು ನಿರಾಕರಿಸಿ ಶಿಕ್ಷೆಗೊಳಗಾದರು. ಪಠಾಣ ಮುಸ್ಲಿಮರಿಗಾಗಿ ಹಿಂದೂ ಸೈನಿಕರು ಜೈಲಿಗೆ ಹೋದ ಈ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಅಗತ್ಯ ತಿಳಿದಿರಬೇಕು.

1947ರಲ್ಲಿ ಗಲಭೆಪೀಡಿತ ಬಿಹಾರದ ಹಳ್ಳಿಗಳಲ್ಲಿ ಗಾಂಧೀಜಿಯ ಜೊತೆ ಅವರು ತಿರುಗಿದರು. ವಿಭಜನೆಯನ್ನು ಮಾತ್ರ ತಡೆಯಲಾಗಲಿಲ್ಲ. ಕಾಂಗ್ರೆಸ್ ತಮ್ಮ ಕೈಬಿಟ್ಟಿತೆಂಬ ನೋವು ಅವರಲ್ಲಿ ಕೊನೆಯವರೆಗೂ ಇತ್ತು. ಪಾಕಿಸ್ತಾನದಲ್ಲೂ ಅವರಿಗೆ ಜೈಲೇ ಕಾದಿತ್ತು. ಆಯುಷ್ಯದ ಸುಮಾರು ಮೂರನೇ ಒಂದು ಭಾಗ ಸೆರೆಯಲ್ಲೇ ಕಳೆಯಿತು. 1969ರಲ್ಲಿ ಗಾಂಧಿ ಶತಾಬ್ದಿಗೆ ಭಾರತಕ್ಕೆ ಬಂದಾಗ ಗುಜರಾತಿನ ಗಲಭೆಯ ಸುದ್ದಿ ಕೇಳಿ ಮೂರು ದಿನ ಉಪವಾಸ ಕೈಗೊಂಡರು. 1987ರಲ್ಲಿ ಅವರಿಗೆ ಭಾರತರತ್ನ ನೀಡಲಾಯಿತು.

1988ರ ಜನವರಿ 20ರಂದು ಪೇಶಾವರದಲ್ಲಿ ಅವರು ನಿಧನರಾದರು. ಅವರ ಇಚ್ಛೆಯಂತೆ ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ದಫನ ಮಾಡಲಾಯಿತು. ಅಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಅಂತ್ಯಯಾತ್ರೆಗಾಗಿ ಕದನ ವಿರಾಮ ಘೋಷಿಸಲಾಯಿತು, ಸಾವಿರಾರು ಜನ ಖೈಬರ್ ಕಣಿವೆ ದಾಟಿ ಬಂದರು. ಆದರೂ ಅಂದು ಅಲ್ಲಿ ಬಾಂಬ್ ಸ್ಫೋಟಗೊಂಡು ಹಲವರು ಸತ್ತರು.