ಉಸಿರನ್ನು ಅಳೆದ ಯೋಗಿ: ಸ್ವಾಮಿ ಕುವಲಯಾನಂದರು

ಮನುಷ್ಯನು ಹುಟ್ಟಿದ ಕ್ಷಣದಿಂದ ಉಸಿರಾಡುತ್ತಿದ್ದರೂ ಆ ಉಸಿರನ್ನು ಗಮನಿಸುವವರು ವಿರಳ. ಮೂಗಿನ ಹೊಳ್ಳೆಗಳನ್ನು ತಂಪಾಗಿ ಸೋಕಿ ಒಳಸರಿದ ಗಾಳಿಯು ಬೆಚ್ಚಗಾಗಿ ಹೊರಬರುವ ಸೂಕ್ಷ್ಮಾನುಭವವನ್ನು ನಮ್ಮ ಯೋಗಿಗಳು ಸಾಧನೆಯ ಸೋಪಾನವನ್ನಾಗಿಸಿಕೊಂಡರು. ಅದೇ ಉಸಿರನ್ನು ಪ್ರಯೋಗಶಾಲೆಗೆ ಕೊಂಡೊಯ್ದು ಪರೀಕ್ಷೆಗೊಡ್ಡಿದ ಮಹನೀಯರಲ್ಲಿ ಸ್ವಾಮಿ ಕುವಲಯಾನಂದರು ಅಗ್ರಗಣ್ಯರು.

ಇವರ ಮೊದಲಿನ ಹೆಸರು ಜಗನ್ನಾಥ ಗಣೇಶ ಗುಣೆ. 1883ರ ಆಗಸ್ಟ್ 30ರಂದು ಗುಜರಾತಿನ ದಭೋಯಿಯಲ್ಲಿ ಜನಿಸಿದರು. ಬಡತನದ ನಡುವೆಯೂ ವ್ಯಾಸಂಗವನ್ನು ಬಿಡದೆ, 1903ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕಾಗಿ ಶಂಕರಶೇಟ್ ವಿದ್ಯಾರ್ಥಿವೇತನಕ್ಕೆ ಪಾತ್ರರಾದರು. ಬರೋಡೆಯಲ್ಲಿ ರಾಜರತ್ನ ಮಾಣಿಕರಾಯರಿಂದ ವ್ಯಾಯಾಮವಿದ್ಯೆಯನ್ನೂ, ನರ್ಮದಾತೀರದ ಮಾಲಸರದಲ್ಲಿ ಪರಮಹಂಸ ಮಾಧವದಾಸರಿಂದ ಯೋಗವಿದ್ಯೆಯನ್ನೂ ಪಡೆದರು. ಅಮಳನೇರದಲ್ಲಿ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು.

ಗುರುವಿನಲ್ಲಿ ಅಚಲ ಶ್ರದ್ಧೆಯಿದ್ದರೂ ಅವರು ಯೋಗದ ಫಲಗಳನ್ನು ಕೇಳಿದ ಮಾತ್ರಕ್ಕೆ ಒಪ್ಪಲಿಲ್ಲ. 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿದರು. ಕ್ಷಕಿರಣ ಮತ್ತು ಒತ್ತಡಮಾಪಕಗಳ ನೆರವಿನಿಂದ ಯೋಗಕ್ರಿಯೆಗಳನ್ನು ಪರೀಕ್ಷಿಸಿದರು. ನೌಲಿಯ ವೇಳೆ ದೊಡ್ಡ ಕರುಳಿನಲ್ಲಿ ಒತ್ತಡ ತಗ್ಗಿ ಭಾಗಶಃ ನಿರ್ವಾತ ಉಂಟಾಗುವುದನ್ನು ಕಂಡುಕೊಂಡು, ಅದಕ್ಕೆ ಗುರುವಿನ ಹೆಸರನ್ನೇ ಇಟ್ಟರು.

ಪ್ರಾಣಾಯಾಮದಿಂದ ದೇಹಕ್ಕೆ ಹೇರಳವಾಗಿ ಆಮ್ಲಜನಕ ದೊರೆಯುವುದೆಂಬುದು ಜನಜನಿತ ನಂಬಿಕೆ. ಒಳಗೆಳೆದ ಹಾಗೂ ಹೊರಬಿಟ್ಟ ವಾಯುವನ್ನು ಅವರು ಅಳೆದಾಗ ಫಲಿತಾಂಶವು ಬೇರೆಯೇ ಆಗಿತ್ತು. ನಿಧಾನವಾಗಿ ಉಸಿರಾಡುವಾಗ ಆಮ್ಲಜನಕದ ಗ್ರಹಣವು ಸಾಧಾರಣ ಉಸಿರಾಟಕ್ಕಿಂತ ಹೆಚ್ಚುವುದಿಲ್ಲ. ಆರೋಗ್ಯವಂತನ ರಕ್ತವು ಎಂದಿನ ಉಸಿರಾಟದಲ್ಲಿಯೇ ಬಹುತೇಕ ಆಮ್ಲಜನಕಪೂರ್ಣವಾಗಿರುತ್ತದೆ. ತಾವೇ ಬೋಧಿಸುತ್ತಿದ್ದ ವಿದ್ಯೆಯ ಹೊಗಳಿಕೆಗೆ ಕುಂದು ತರುವ ಈ ಸತ್ಯವನ್ನು ಅವರು ಮರೆಮಾಚದೆ ಪ್ರಕಟಿಸಿದರು. ಪ್ರಾಣಾಯಾಮದ ಮಹತ್ವವಿರುವುದು ನರಮಂಡಲದ ಸಂಸ್ಕಾರದಲ್ಲಿ ಎಂದು ಪ್ರತಿಪಾದಿಸಿದರು. ಪೂರಕಕ್ಕಿಂತ ರೇಚಕವು ಇಮ್ಮಡಿ ದೀರ್ಘವಾಗಿರಲಿ, ಬಲಾತ್ಕಾರ ಬೇಡ ಎಂಬುದು ಅವರ ಬೋಧನಕ್ರಮವಾಗಿತ್ತು.

1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಯವರು ಪತ್ರಮುಖೇನ ಇವರ ಸಲಹೆ ಪಡೆದರು. ಯೋಗಶಿಕ್ಷಕರನ್ನು ಸಿದ್ಧಗೊಳಿಸಲು 1951ರಲ್ಲಿ ಲೋನಾವಳದಲ್ಲಿ ಮಹಾವಿದ್ಯಾಲಯವು ಪ್ರಾರಂಭವಾಯಿತು. 1966ರ ಏಪ್ರಿಲ್ 18ರಂದು ಸ್ವಾಮಿಗಳು ದೇಹತ್ಯಾಗ ಮಾಡಿದರು.

ಶ್ರದ್ಧೆಯು ಪರೀಕ್ಷೆಗೆ ಅಂಜಬೇಕಾಗಿಲ್ಲ, ಪರೀಕ್ಷೆಯು ಶ್ರದ್ಧೆಯನ್ನು ಹೀಗಳೆಯಬೇಕಾಗಿಲ್ಲ ಎಂಬುದಕ್ಕೆ ಅವರ ಬಾಳೇ ನಿದರ್ಶನ. ಮಕ್ಕಳಿಗೆ ಪ್ರಾಣಾಯಾಮವನ್ನು ಕಲಿಸುವ ಅಧ್ಯಾಪಕರು, ಇಲ್ಲದ ಫಲವನ್ನು ಹೇಳದೆ ಇರುವ ಫಲವನ್ನು ತೋರಿಸಿದರೆ ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವವಾದೀತು.