ಯಂತ್ರವನ್ನೂ ಶಾಲೆಗೆ ಹಾಕಿ ಎಂದ ಅಲನ್ ಟ್ಯೂರಿಂಗ್‌ಗೆ ಮದ್ರಾಸ್ ನಂಟು!

ಚೆನ್ನೈ, ಜೂನ್ 23: ಚಾಟ್‌ಜಿಪಿಟಿಯಂಥ ಎಐ ಬಗ್ಗೆ ದಿನವೂ ಒಂದಲ್ಲ ಒಂದು ಸುದ್ದಿ. ಯಂತ್ರ ಯೋಚಿಸಬಲ್ಲದೇ ಎಂದು ಬಹಳ ಹಿಂದೆಯೇ ಕೇಳಿದ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ಜನ್ಮದಿನ ಇಂದು. 1912ರಲ್ಲಿ ಅವರು ಹುಟ್ಟಿದ್ದು ಲಂಡನ್‌ನಲ್ಲಾದರೂ ಮನೆ ನಡೆಯುತ್ತಿದ್ದುದು ಮದ್ರಾಸ್ ಪ್ರಾಂತ್ಯದ ಸಂಬಳದಿಂದ.

ತಂದೆ ಜೂಲಿಯಸ್ ಇಲ್ಲಿ ಐಸಿಎಸ್ ಅಧಿಕಾರಿ. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರು ಬಳಿಯ ಪೋದನೂರಿನಲ್ಲಿ, ಅಣ್ಣ ಜಾನ್ ಕೂನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಹೆತ್ತವರು ಭಾರತದಲ್ಲಿದ್ದಾಗ ಮಕ್ಕಳು ಇಂಗ್ಲೆಂಡ್‌ನಲ್ಲಿ ಪರರ ಮನೆಯಲ್ಲಿ ಬೆಳೆದರು.

1936ರಲ್ಲಿ, 24ನೇ ವಯಸ್ಸಿಗೇ, ಕಂಪ್ಯೂಟರ್‌ನ ಗಣಿತದ ಬುನಾದಿ ಹಾಕಿದರು. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಎನಿಗ್ಮಾ ಸಂಕೇತ ಭೇದಿಸಿದವರಲ್ಲಿ ಪ್ರಮುಖರು. ಈ ಕಥೆ ಸಿನಿಮಾ ನೋಡಿದವರಿಗೆ ಗೊತ್ತು.

ಇಂದಿಗೆ ಹೆಚ್ಚು ಹತ್ತಿರವಾದದ್ದು 1950ರ ಲೇಖನ. ದೊಡ್ಡವರ ಬುದ್ಧಿಯನ್ನು ನೇರವಾಗಿ ಕಟ್ಟುವ ಬದಲು ಮಗುವಿನಂಥ ಯಂತ್ರ ಮಾಡಿ, ಬಹುಮಾನ ಮತ್ತು ಶಿಕ್ಷೆಯಿಂದ ಕಲಿಸಿ ಎಂದರು. ಈಗಿನ ಭಾಷಾ ಮಾದರಿಗಳು ಅಪಾರ ಬರಹ ಓದಿ, ಮುಂದಿನ ಪದ ಯಾವುದೆಂದು ಊಹಿಸುವುದನ್ನು ಕಲಿಯುತ್ತವೆ. ಆಮೇಲೆ ಜನ ಮೆಚ್ಚಿದ ಉತ್ತರಕ್ಕೆ ಹೆಚ್ಚು ಅಂಕ. ಹೆಚ್ಚೂಕಡಿಮೆ ಅದೇ ಪಾಠಶಾಲೆ.

ತೊಡಕನ್ನೂ ಅವರೇ ಕಂಡಿದ್ದರು. ಶಿಷ್ಯನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ಗುರುವಿಗೆ ಬಹುಪಾಲು ತಿಳಿಯದು ಎಂದು ಬರೆದರು. ಅದೇ ಲೇಖನದಲ್ಲಿ, ಮನುಷ್ಯರಂತೆ ನಟಿಸುವ ಆಟದ ಉದಾಹರಣೆಯಲ್ಲಿ, 34957ಕ್ಕೆ 70764 ಕೂಡಿಸಿದರೆ 105621 ಎಂಬ ಉತ್ತರವಿದೆ. ಕೂಡಿ ನೋಡಿ, ನೂರು ಕಡಿಮೆ! ಮನುಷ್ಯನೆನಿಸಿಕೊಳ್ಳಲು ಯಂತ್ರ ಬೇಕೆಂದೇ ತಪ್ಪಬಹುದು ಎಂದೂ ಹೇಳಿದರು. ಮೆಚ್ಚುಗೆಗೆ ಅಂಕ ಕೊಟ್ಟರೆ ಯಂತ್ರ ಸತ್ಯ ಬಿಟ್ಟು ಮೆಚ್ಚಿಸುವುದನ್ನೇ ಕಲಿತೀತು. 'ಅಲೈನ್‌ಮೆಂಟ್' ತಜ್ಞರ ಇಂದಿನ ತಲೆನೋವುಗಳಲ್ಲಿ ಇದೂ ಒಂದು. ಕೊನೆಗೆ ಯಂತ್ರಗಳೇ ಹಿಡಿತ ಸಾಧಿಸಬಹುದು ಎಂದು 1951ರಲ್ಲಿ ಮ್ಯಾಂಚೆಸ್ಟರ್‌ನ ಭಾಷಣದಲ್ಲಿ ಎಚ್ಚರಿಸಿದ್ದರು.

ಮರುವರ್ಷ ಸಲಿಂಗ ಸಂಬಂಧಕ್ಕಾಗಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಜೈಲಿನ ಬದಲು ಹಾರ್ಮೋನ್ 'ಚಿಕಿತ್ಸೆ' ಒಪ್ಪಿಕೊಳ್ಳಬೇಕಾಯಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸೈನೈಡ್ ವಿಷದಿಂದ ಸಾವು. ಬ್ರಿಟನ್ ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ. 50 ಪೌಂಡ್ ನೋಟಿನ ಮೇಲೆ ಅವರ ಮುಖ ಬಂದದ್ದು 2021ರ ಇದೇ ಜೂನ್ 23ರಂದು.